ಬಾವಿ ಬತ್ತಿತೋ, ಬಾಯಿ ಕಟ್ಟಿತೋ?

ಬೇಸಿಗೆ ಬಂತೆಂದರೆ ನಮ್ಮ ತೋಟಗಳಲ್ಲಿ ಒಂದೇ ಮಾತು: ಬೋರಿನಲ್ಲಿ ನೀರು ಕಡಮೆಯಾಯಿತು, ಇನ್ನೊಂದು ಕೊರೆಸಬೇಕು. ಯಂತ್ರಕ್ಕೆ ಹೇಳಿಕಳುಹಿಸುವ ಮುನ್ನ ಒಂದು ದಿನ ತಡೆಯಿರಿ ಎಂದು ನಮ್ಮ ವಿನಂತಿ. ನಾವೂ ಒಮ್ಮೆ ಅವಸರಪಟ್ಟು ಮುಂಗಡ ಕೊಟ್ಟು ಬಂದವರೇ. ಆಮೇಲೆ ಪಂಪು ಮೇಲೆತ್ತಿ ನೋಡಿದರೆ ಜಾಲರಿಯ ತುಂಬ ಕೆಮ್ಮಣ್ಣಿನಂಥ ಲೋಳೆ! ನೀರು ಇತ್ತು, ಬರುವ ದಾರಿ ಕಟ್ಟಿತ್ತು.

ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಗಾಳಿಯಾಡದ ಆಳದಲ್ಲಿ ಅದು ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುತ್ತದೆ. ಗಾಳಿ ತಾಗಿದರೆ ತುಕ್ಕಾಗಿ ಇಳಿಯುತ್ತದೆ. ಗ್ಯಾಲಿಯೊನೆಲ್ಲ ಮುಂತಾದ ಬ್ಯಾಕ್ಟೀರಿಯಗಳು ಸೇರಿಕೊಂಡರಂತೂ ಲೋಳೆ ಬೆಳೆದು ಬಂಡೆಯ ಬಿರುಕಿನ ಬಾಯಿ, ಪಂಪಿನ ಜಾಲರಿ, ಪೈಪು ಎಲ್ಲವನ್ನೂ ಹಿಡಿಯುತ್ತದೆ. ಹನಿ ನೀರಾವರಿ ಇರುವವರಿಗೆ ಇನ್ನೂ ಕಷ್ಟ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಕಬ್ಬಿಣವಿದ್ದರೆ ಡ್ರಿಪ್ಪರು ಕಟ್ಟುವುದು ಖಂಡಿತವೆನ್ನಬಹುದು.

ನೀರು ಕೆಂಪಾದುದೆಲ್ಲ ನೆಲದ ಕಬ್ಬಿಣವಲ್ಲ. ಬೆಳಿಗ್ಗೆ ಪಂಪು ಹಾಕಿದಾಗ ಮೊದಲು ಕೆಂಪಾಗಿ ಬಂದು ಆಮೇಲೆ ತಿಳಿಯಾದರೆ ಅದು ಹೆಚ್ಚಾಗಿ ಜಿ.ಐ. ಪೈಪಿನ ತುಕ್ಕು. ತಿಳಿಯಾಗಿ ಬಂದ ನೀರು ಬಕೆಟಿನಲ್ಲಿ ನಿಂತ ಮೇಲೆ ಕೆಂಪಾದರೆ ಕಬ್ಬಿಣ ನೆಲದ್ದು.

ಇನ್ನು ಅಳತೆ. ಇದಕ್ಕೆ ಬೇಕಾದುದು 200 ಲೀಟರಿನ ಡ್ರಮ್ಮು, ಗಡಿಯಾರ, ತೂಕ ಕಟ್ಟಿದ ಹುರಿ. ಪಂಪು ಹಾಕುವ ಮುಂಚಿನ ನೀರಿನ ಮಟ್ಟ ಒಂದು, ಓಡಿ ನಿಂತ ಮಟ್ಟ ಇನ್ನೊಂದು. ನಮ್ಮ ಬಾವಿಯಲ್ಲಿ ಮೊದಲು ಡ್ರಮ್ಮು 2 ನಿಮಿಷಕ್ಕೆ ತುಂಬುತ್ತಿತ್ತು, ನೀರು 20 ಅಡಿ ಇಳಿಯುತ್ತಿತ್ತು. ಅಂದರೆ ಅಡಿಗೆ ನಿಮಿಷಕ್ಕೆ 5 ಲೀಟರು. ಆ ವರ್ಷ ಎರಡೂವರೆ ನಿಮಿಷ, ಇಳಿತ 32 ಅಡಿ. ಅಡಿಗೆ ಎರಡೂವರೆ ಲೀಟರು ಮಾತ್ರ. ಪಂಪು ಹಾಕುವ ಮುಂಚಿನ ಮಟ್ಟ ಹಿಂದಿನಂತೆಯೇ ಇತ್ತು. ಬಾವಿ ಕಟ್ಟಿದೆಯೆಂಬುದಕ್ಕೆ ಇದೇ ಗುರುತು. ಆ ಮಟ್ಟವೇ ಕೆಳಗಿಳಿದಿದ್ದರೆ ಅಂತರ್ಜಲ ಇಳಿದಿದೆ, ತೊಳೆದು ಫಲವಿಲ್ಲ. ನೀರೂ ಕಡಮೆ, ಇಳಿತವೂ ಕಡಮೆಯೆಂದರೆ ದೋಷ ಪಂಪಿನಲ್ಲೋ ಪೈಪಿನಲ್ಲೋ ಹುಡುಕಿ. ಹೋಲಿಸುವುದು ಮಾತ್ರ ಅದೇ ತಿಂಗಳಿನ ಲೆಕ್ಕದೊಡನೆ. ಮಾರ್ಗಶಿರವನ್ನು ಚೈತ್ರಕ್ಕೆ ಹೋಲಿಸಬಾರದು.

ಪಂಪು ತೆಗೆದು, ತಂತಿ ಬ್ರಷ್ಷಿನಿಂದ ಉಜ್ಜಿಸಿ, ಕಂಪ್ರೆಸರ್ ಗಾಳಿಯಿಂದ ಹೊರಹಾಕಿಸುವುದು ಮೊದಲ ಕೆಲಸ. ಆಮೇಲೆ ಬ್ಲೀಚಿಂಗ್ ಪೌಡರು. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಸುಮಾರು ಆರೂವರೆ ಲೀಟರು ನೀರು. 200 ಅಡಿ ನೀರಿದ್ದರೆ 1300 ಲೀಟರು. ಇದಕ್ಕೆ ಹೊಸ ಪೌಡರು 2 ಕಿಲೋ ಬೇಕು. ಹಳೆಯದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಡ್ರಮ್ಮಿನಲ್ಲಿ ಕದಡಿ, ತಿಳಿ ಮಾತ್ರ ಹೊಯ್ಯಿರಿ. ಗಸಿ ಹೊಯ್ದರೆ ಸುಣ್ಣವೇ ಬಾವಿ ಕಟ್ಟೀತು. ಒಂದು ರಾತ್ರಿ ಬಿಟ್ಟು ಮತ್ತೆ ಗಾಳಿ ಹಾಕಿಸಿ, ವಾಸನೆ ಹೋಗುವವರೆಗೆ ನೀರನ್ನು ಹೊರಗೆ ಬಿಡಬೇಕು. ಅಡಿಕೆ ಬುಡಕ್ಕೂ ಬೇಡ, ಮೀನಿರುವ ಕೆರೆಗೂ ಬೇಡ. ಆಸಿಡ್ ಹಾಕುವ ಸಾಹಸ ತಿಳಿದವರಿಗೆ ಬಿಡಿ. ಬ್ಲೀಚಿಂಗಿನೊಡನೆ ಅದು ಸೇರಿದರೆ ಏಳುವ ವಿಷಗಾಳಿ ಪ್ರಾಣಕ್ಕೇ ಅಪಾಯ.

ಇಷ್ಟು ಮಾಡಿದ ಮೇಲೆ ನಮ್ಮ ಡ್ರಮ್ಮು ಎರಡೂಕಾಲು ನಿಮಿಷಕ್ಕೆ ತುಂಬಿತು. ಹಿಂದಿನಷ್ಟಲ್ಲ, ಆದರೂ ತೋಟ ಉಳಿಯಿತು. ಮುಂಗಡ ಮಾತ್ರ ವಾಪಸು ಬರಲಿಲ್ಲ!

ಈಗ ಮಳೆನೀರನ್ನು ಬೋರಿಗೆ ಇಳಿಸುವ ಉತ್ಸಾಹ ಎಲ್ಲೆಡೆ ಇದೆ. ಒಳ್ಳೆಯದೇ; ಆದರೆ ತೋಟದ ಕದಡಿದ ನೀರನ್ನು ಸೋಸದೆ ಬಿಟ್ಟರೆ ಹೂಳೂ ಗಾಳಿಯೂ ಒಟ್ಟಿಗೆ ಒಳಹೋಗುತ್ತವೆ. ಚಳಿ ದೇಶಗಳಲ್ಲಿ ಬಾವಿನೀರಿನ ಶಾಖದಿಂದ ಮನೆ ಬೆಚ್ಚಗಿಡುವ ಹೀಟ್ ಪಂಪುಗಳಿವೆ. ಅಲ್ಲಿ ನೀರನ್ನು ಎರಡನೆಯ ಬಾವಿಗೆ ಮರಳಿಸುವಾಗ ಗಾಳಿ ಸೇರಿದರೆ ಇದೇ ತುಕ್ಕು, ಇದೇ ಗೋಳು. ಆದುದರಿಂದ ಪೈಪಿನ ತುದಿಯನ್ನು ನೀರಿನೊಳಗೇ ಮುಳುಗಿಸಿಡುತ್ತಾರೆ.

ಒಂದು ಬೋರಿನ ಪಂಪನ್ನು ಇನ್ನೊಂದಕ್ಕೆ ಇಳಿಸುವಾಗ ಬ್ಲೀಚಿಂಗ್ ನೀರಿನಲ್ಲಿ ತೊಳೆಯಲು ಮರೆಯಬೇಡಿ. ಲೋಳೆ ತೋಟದಿಂದ ತೋಟಕ್ಕೆ ಹೋಗುವುದು ಹಾಗೆಯೇ.