ಬುಟ್ಟಿಯ ಹೆಂಡಿ, ಪೈಪಿನ ನೀರು

ಕಾಶಿವಿಶ್ವೇಶ್ವರ ಗುಡಿಯ ಬಳಪದ ಕಲ್ಲಿಗೆ ಬಿಸಿಲು ತಾಗುವ ಮೊದಲೇ ಲಕ್ಕುಂಡಿಯ ಓಣಿಯಲ್ಲಿ ಕಸಬರಿಗೆಯ ಸದ್ದು. ಕೊಟ್ಟಿಗೆಯಲ್ಲಿ ಅಜ್ಜಿಯೊಬ್ಬಳು ಸೆರಗು ಸಿಕ್ಕಿಸಿ, ಎಮ್ಮೆಯ ಹಿಂದೆ ಬಗ್ಗಿ, ಬಿಸಿ ಆರದ ಹೆಂಡಿಯನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ಹಾಕುತ್ತಿದ್ದಾಳೆ. ನೆಲದ ಗಂಜಳಕ್ಕೆ ಒಂದು ಬೊಗಸೆ ಬೂದಿ. ಅದರ ಮೇಲೆ ದನ ತಿಂದು ಬಿಟ್ಟ ಕಣಿಕಿಯ ಚೂರು. ಮತ್ತೆ ಕಸಬರಿಗೆ. ಅಲ್ಲಿಗೆ ಕೊಟ್ಟಿಗೆ ಒಣಗಿತು. ಒಂದು ತಂಬಿಗೆ ನೀರೂ ಖರ್ಚಾಗಲಿಲ್ಲ.

ಬುಟ್ಟಿ ತಲೆಗೇರಿ ಊರ ಹೊರಗಿನ ತಿಪ್ಪೆಗೆ ಹೊರಟಿತು. ದಾರಿಯ ಗೋಡೆಗಳ ಮೇಲೆ ಐದು ಬೆರಳಿನ ಗುರುತು ಹೊತ್ತ ಕುಳ್ಳು ಸಾಲಾಗಿ ಒಣಗುತ್ತಿವೆ. “ಇಷ್ಟು ಕಸ ದಿನಾ ಹೊರಬೇಕಲ್ಲಾ ಅಜ್ಜಿ” ಎಂದೆ. ಅಜ್ಜಿ ನಿಂತಳು. “ಕಸ ಅನಬ್ಯಾಡೋ ತಮ್ಮಾ. ಇದು ಹೊಲದ ಕೂಳು.” ಮಳೆಗಾಲಕ್ಕೆ ಮೊದಲು ತಿಪ್ಪೆ ಚಕ್ಕಡಿ ಏರಿ ಎರೆಹೊಲಕ್ಕೆ ಹೋಗುತ್ತದೆ, ದೀಪಾವಳಿಯಲ್ಲಿ ಇದೇ ಹೆಂಡಿ ಪಾಂಡವರಾಗಿ, ತಲೆಯ ಮೇಲೆ ಹೂ ಮುಡಿದು ಹೊಸ್ತಿಲ ಬಳಿ ಕೂರುತ್ತದೆ.

ಹಾಲುಕರೆಯುವ ದೊಡ್ಡ ದನವೊಂದು ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿಲೋ ಸಗಣಿ ಹಾಕುತ್ತದೆ. ಎರಡು ಎಮ್ಮೆಯದನ್ನು ಒಂದು ತಲೆ ಹೊರುತ್ತದೆ. ಮುನ್ನೂರು ದನಗಳ ಡೇರಿಯಲ್ಲಿ ಅದು ನಾಲ್ಕೂವರೆ ಟನ್ನಿಗೆ ಕಡಿಮೆ ಇಲ್ಲ. ಅಲ್ಲಿ ಬುಟ್ಟಿ ಸೋಲುತ್ತದೆ, ಪೈಪು ಬರುತ್ತದೆ. ಸಿಮೆಂಟು ನೆಲಕ್ಕೆ ರಭಸದಿಂದ ನೀರು ಬಿಟ್ಟರೆ ಶೆಡ್ಡು ಥಳಥಳ. ಕೂಳು ಮಾತ್ರ ಕೊಚ್ಚೆಯಾಗಿ ಗುಂಡಿ ಸೇರುತ್ತದೆ. ಗಾಳಿ ಆಡದ ಆ ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಸಿ ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿ ಕಾಯಿಸುವ ಅನಿಲ ಅದು. ಬಿಸಿಲಲ್ಲಿ ಒಣಗುವ ಕುಳ್ಳಿನಿಂದ ಇದು ಹೊರಡುವುದು ತೀರ ಕಡಿಮೆ. ಸಗಣಿ ಅದೇ, ನಡುವೆ ಬಂದದ್ದು ನೀರು.

ಆ ನೀರು ಇಂಗಿದರೆ ಎಲ್ಲಿಗೆ ಹೋದೀತು? ಅದನ್ನು ತಿಳಿಯಲು ಲಕ್ಕುಂಡಿಗಿಂತ ಬೇರೆ ಊರು ಬೇಡ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೇಳಿಸಿಕೊಂಡ ಊರು ಇದು. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಒಂದೊಂದಾಗಿ ಇಳಿದರೆ ಓಣಿ ತಲೆಯ ಮೇಲೆ ಉಳಿಯುತ್ತದೆ. ಮೇಲೆ ಚೆಲ್ಲಿದ್ದೆಲ್ಲ ಒಂದು ದಿನ ಇಲ್ಲಿಗೇ ಬರಬೇಕು ಎನ್ನುವುದು ಕಾಲಿಗೇ ತಿಳಿಯುತ್ತದೆ. ಸಗಣಿ, ಗಂಜಳದ ನೈಟ್ರೇಟಿಗೆ ಮೆಟ್ಟಿಲೂ ಬೇಡ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಡೇರಿ ಮತ್ತು ಗೋಶಾಲೆ ಮಾರ್ಗಸೂಚಿ ಹೇಳುವುದೂ ಬಹುಮಟ್ಟಿಗೆ ಅಜ್ಜಿಯ ಬೆಳಗಿನ ಕೆಲಸವನ್ನೇ: ಸಗಣಿ ಚರಂಡಿಗೆ ಬಿಡಬೇಡಿ, ನೀರು ಮಿತವಾಗಿ ಬಳಸಿ, ಗೊಬ್ಬರವನ್ನೋ ಗೋಬರ್ ಗ್ಯಾಸನ್ನೋ ಮಾಡಿ. ಗೋಬರ್ ಗ್ಯಾಸಿನ ಗುಮ್ಮಟದಲ್ಲಿ ಸೆರೆಸಿಕ್ಕ ಮೀಥೇನ್ ಒಲೆಯಲ್ಲಿ ನೀಲಿಯಾಗಿ ಉರಿದು ರೊಟ್ಟಿ ಬೇಯಿಸುತ್ತದೆ. ಉಳಿದ ರಾಡಿ ಹೊಲಕ್ಕೆ ಹೋಗುತ್ತದೆ. ಅಜ್ಜಿಗೆ ಈ ಕಾಗದ ಬೇಕಿಲ್ಲ. ಮುನ್ನೂರು ದನಗಳ ಯಜಮಾನನಿಗೆ ಬೇಕು, ಅದನ್ನು ಓದಿಸುವವರೂ ಬೇಕು.

ಹಾಗೆಂದು ಅಜ್ಜಿಯ ಎಮ್ಮೆ ಪೂರ್ತಿ ಪಾರಾಗಲಿಲ್ಲ. ಗ್ವಾದಲಿಗೆ ಮೋರೆ ಇಟ್ಟು, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಾ ಅದು ತೇಗಿತು. ದನದ ಮೀಥೇನಿನಲ್ಲಿ ಹೆಚ್ಚಿನ ಪಾಲು ಸಗಣಿಯದಲ್ಲ, ಈ ತೇಗಿನದು. 2019ರ ಗಣತಿಯಂತೆ ದೇಶದಲ್ಲಿ ದನ, ಎಮ್ಮೆ ಸೇರಿ 30 ಕೋಟಿ ದಾಟಿವೆ. ಡೆನ್ಮಾರ್ಕ್ 2030ರಿಂದ ಜಾನುವಾರು ಅನಿಲಕ್ಕೆ ತೆರಿಗೆ ಹಾಕಲಿದೆ. ಎರಡು ಎಮ್ಮೆಯ ಮನೆಗೆ ಅಂಥ ತೆರಿಗೆ ಹಾಕುವುದು ಹಾಲಿನ ಚೊಂಬಿಗೇ ಕೈ ಹಾಕಿದಂತೆ. ಬೆಂಗಳೂರಿನ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಬೇರೆ ದಾರಿ ಹುಡುಕಿದೆ. ಒಗರು ಗುಣದ ಗಿಡಗಳಿಂದ ಮಾಡಿದ ಅದರ ‘ಹರಿತ್ ಧಾರಾ’ವನ್ನು ಮೇವಿಗೆ ಬೆರೆಸಿದರೆ ತೇಗಿನ ಮೀಥೇನ್ ಶೇಕಡಾ 17ರಿಂದ 20ರಷ್ಟು ತಗ್ಗುತ್ತದೆ.

ಬಿಸಿಲೇರಿತು. ತಿಪ್ಪೆಯಿಂದ ಮರಳಿದ ಅಜ್ಜಿ ತಂಬಿಗೆ ಬಗ್ಗಿಸಿ ಕೈ ತೊಳೆದಳು. ನಿಂತದ್ದು ಕರಿಬೇವಿನ ಗಿಡದ ಬುಡದಲ್ಲಿ. ಹಸಿರು ನೀರು ಪಾತಿ ದಾಟುವ ಮೊದಲೇ ಮಣ್ಣು ಕುಡಿದುಬಿಟ್ಟಿತು.