ಭಾಗೀರಥಿಯ ಹಾಡು ಮತ್ತು ನಾವು

ಉತ್ತರ ಕರ್ನಾಟಕದ ತಾಯಂದಿರು ತಲೆಮಾರುಗಳಿಂದ ಹಾಡಿಕೊಂಡು ಬಂದ ‘ಕೆರೆಗೆ ಹಾರ’ ಕಥನಗೀತೆಯನ್ನು ಅರಿಯದವರು ವಿರಳ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡುತ್ತಾರೆ. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಗುರುಗಳು ಇದನ್ನು ತ್ಯಾಗದ ಆದರ್ಶವೆಂದೇ ಬೋಧಿಸಿದರು, ನಾವು ತಲೆದೂಗಿದೆವು. ಇಂದಿನ ಹೆಣ್ಣುಮಕ್ಕಳು ಇದನ್ನು ಕೊಲೆಯೆನ್ನುತ್ತಾರೆ. ಹಿರಿಯರಿಗೆ ಈ ಮಾತು ಕಟುವೆನಿಸೀತು. ಆದರೆ ಹಾಡನ್ನೇ ಲಕ್ಷ್ಯವಿಟ್ಟು ಕೇಳಿರಿ. ಆಕೆ ತವರಿಗೆ ಹೋಗಿ, ಅತ್ತೆಮಾವಂದಿರು ತನ್ನನ್ನು ಬೇರೆಯಿಡುವರೆಂದಷ್ಟೇ ಹೇಳುತ್ತಾಳೆ. ನಿಜವನ್ನು ಗೆಳತಿಗೆ ಮಾತ್ರ ಅರುಹುತ್ತಾಳೆ. ಮನಸಾರೆ ಒಪ್ಪಿದ ತ್ಯಾಗವಾದರೆ ಹೆತ್ತವರಿಂದ ಮರೆಮಾಚುವುದೇಕೆ? ದಂಡಿನಿಂದ ಮರಳಿದ ಪತಿ ಮಾದೇವರಾಯನೂ ಹಿರಿಯರನ್ನು ಕೊಂಡಾಡಲಿಲ್ಲ. ಅದೇ ಕೆರೆಗೆ ಹಾರಿಕೊಂಡನು. ಪಾಠ ಹೇಳುವಾಗ ಆ ಕೊನೆಯ ನುಡಿಗಳನ್ನು ನಾನೂ ಅವಸರದಿಂದ ದಾಟಿಸಿದವನೇ.