ಟ್ಯಾಬ್ಲೆಟ್ ಜೋಡಿಸಿದರೆ ಲಾರಿಗೆ ಮೆಕ್ಯಾನಿಕ್ ಬೇಡವೇ?

ಕೆಲವೇ ನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಕೊಂಡು ಲಾರಿಗೆ ಸಿಕ್ಕಿಸಿ, ಟ್ಯಾಬ್ಲೆಟ್‌ನಲ್ಲಿ ಆಪ್ ಹಾಕಿಕೊಳ್ಳಿ. ಎಂಜಿನ್‌ನ ತೊಂದರೆ ಏನೆಂದು ಅದೇ ಹೇಳುತ್ತದೆ, ಎಚ್ಚರಿಕೆ ದೀಪವನ್ನೂ ಅದೇ ಆರಿಸುತ್ತದೆ, ಇನ್ನು ಮೆಕ್ಯಾನಿಕ್ ಬೇಡ! ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಎಂಜಿನ್ನೇ ಹೋಗಬಹುದು. ನಿಜ ಎಲ್ಲಿಯವರೆಗೆ ಎಂದು ನೋಡೋಣ.

ಲಾರಿ ಟ್ಯಾಬ್ಲೆಟ್‌ಗೆ ಏನು ಹೇಳುತ್ತದೆ?

ಇಂದಿನ ಡೀಸೆಲ್ ಲಾರಿಯ ಎಂಜಿನ್ ನಡೆಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಆಯಿಲ್ ಒತ್ತಡ, ಕೂಲಂಟ್ ಬಿಸಿ, ಡೀಸೆಲ್ ಒತ್ತಡ, ಟರ್ಬೊ ಗಾಳಿಯ ಒತ್ತಡ, ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಎಲ್ಲವನ್ನೂ ಅಳೆಯಲು ಸೆನ್ಸರ್‌ಗಳಿರುತ್ತವೆ. ಆ ಅಳತೆಗಳು ಇಸಿಯುಗೆ ಬರುತ್ತವೆ. ಯಾವುದಾದರೂ ಅಳತೆ ಮಿತಿ ದಾಟಿದರೆ ಇಸಿಯು ಒಂದು ಕೋಡ್ ಬರೆದಿಟ್ಟುಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ.

ಡಾಂಗಲ್ ಮಾಡುವುದು ದುಭಾಷಿಯ ಕೆಲಸ. ಇಸಿಯು ಹೇಳಿದ್ದನ್ನು ಟ್ಯಾಬ್ಲೆಟ್‌ಗೆ ತಲುಪಿಸುತ್ತದೆ, ಅಷ್ಟೇ. ಟ್ಯಾಬ್ಲೆಟ್ ತಾನಾಗಿ ಎಂಜಿನ್ ಒಳಗೆ ಇಣುಕಿ ನೋಡುವುದಿಲ್ಲ. ಸೆನ್ಸರ್ ಇಲ್ಲದ ಜಾಗದಲ್ಲಿ ಏನಾಗಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಬೆಲ್ಟ್ ಬಿರುಕು ಬಿಟ್ಟಿದ್ದರೆ, ಹೋಸ್ ಜಿನುಗುತ್ತಿದ್ದರೆ, ಎಲ್ಲೋ ಬೋಲ್ಟ್ ಸಡಿಲವಾಗಿದ್ದರೆ ಅದನ್ನು ಕಣ್ಣು, ಕಿವಿ, ಕೈಗಳೇ ಪತ್ತೆ ಹಚ್ಚಬೇಕು.

ಯಾವ ಲಾರಿಗಾದರೂ ಆಗುತ್ತದೆಯೇ?

ಇಲ್ಲ. ಪೂರ್ತಿ ಯಾಂತ್ರಿಕ ಡೀಸೆಲ್ ಪಂಪ್ ಇರುವ ಹಳೆಯ ಲಾರಿಯಲ್ಲಿ ಮಾತಾಡಲು ಇಸಿಯು ಇರುವುದೇ ಇಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದ ಲಾರಿಗಳಲ್ಲಿ ಇದು ಇದ್ದೇ ಇರುತ್ತದೆ.

ಇನ್ನೊಂದು ತೊಡಕೂ ಇದೆ. ಕಾರಿನ ವಿದ್ಯುತ್ 12 ವೋಲ್ಟ್, ದೊಡ್ಡ ಲಾರಿಗಳದ್ದು 24 ವೋಲ್ಟ್. ಕಾರಿಗೆಂದು ಮಾಡಿದ ಅಗ್ಗದ ಡಾಂಗಲ್ 24 ವೋಲ್ಟ್‌ಗೆ ಸುಟ್ಟುಹೋಗಬಹುದು. ಹಾಗಾಗದಿರಲಿ ಎಂದೇ 16 ಪಿನ್ನಿನ ಸಾಕೆಟ್‌ನಲ್ಲಿ ಎರಡು ಬಗೆ ಮಾಡಿದ್ದಾರೆ. 12 ವೋಲ್ಟ್‌ನ ಪ್ಲಗ್ 24 ವೋಲ್ಟ್‌ನ ಸಾಕೆಟ್‌ಗೆ ಕೂರುವುದಿಲ್ಲ. ಕೂರದಿದ್ದರೆ ಒತ್ತಿ ಕೂರಿಸಲು ಹೋಗಬೇಡಿ! ಕೆಲವು ಭಾರಿ ವಾಹನಗಳಲ್ಲಿ 9 ಪಿನ್ನಿನ ದುಂಡನೆಯ ಸಾಕೆಟ್ ಇರುತ್ತದೆ. ಭಾರಿ ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಭಾಷೆಯ ಹೆಸರು ಜೆ1939. ಡಾಂಗಲ್‌ಗೂ ಆಪ್‌ಗೂ ನಿಮ್ಮ ಲಾರಿಯ ಭಾಷೆ ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಕೋಡ್ ಬಂತು ಎಂದರೆ ರೋಗ ಗೊತ್ತಾಯಿತೇ?

ಹೆಚ್ಚು ಜನ ಎಡವುವುದು ಇಲ್ಲೇ. ಜೆ1939ರ ಕೋಡ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎಸ್‌ಪಿಎನ್ ಎಂಬುದು ಯಾವ ಅಳತೆಯಲ್ಲಿ ತೊಂದರೆ ಎಂದು ಹೇಳಿದರೆ, ಎಫ್‌ಎಂಐ ಎಂಬುದು ಎಂಥ ತೊಂದರೆ ಎಂದು ಹೇಳುತ್ತದೆ.

ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಒತ್ತಡ. ಅದರ ಜೊತೆ ಎಫ್‌ಎಂಐ 1 ಬಂದರೆ ಒತ್ತಡ ಅಪಾಯಕಾರಿಯಾಗಿ ಇಳಿದಿದೆ ಎಂದರ್ಥ. ಲಾರಿಯನ್ನು ಸುರಕ್ಷಿತವಾಗಿ ಬದಿಗೆ ತಂದು ಕೂಡಲೇ ಎಂಜಿನ್ ಆಫ್ ಮಾಡಬೇಕು. ಅದೇ 100ರ ಜೊತೆ ಎಫ್‌ಎಂಐ 4 ಬಂದರೆ ಸೆನ್ಸರ್‌ನಿಂದ ಬರುವ ವೋಲ್ಟೇಜ್ ತೀರಾ ಕಡಿಮೆಯಾಗಿದೆ ಎಂದು. ಆಗ ತೊಂದರೆ ವೈರಿನಲ್ಲೋ ಸೆನ್ಸರ್‌ನಲ್ಲೋ ಇರುವ ಸಾಧ್ಯತೆ ಹೆಚ್ಚು. ಬರೀ 100 ಎಂಬುದನ್ನಷ್ಟೇ ನೋಡಿ ಸೆನ್ಸರ್ ಕೆಟ್ಟಿರಬೇಕು, ಓಡಿಸು ಎಂದವರು ಎಂಜಿನ್ ಸೀಜ್ ಮಾಡಿಕೊಳ್ಳುತ್ತಾರೆ. ಗಾಬರಿಬಿದ್ದು ಎಂಜಿನ್ ಬಿಚ್ಚಿಸಿದವರು ಒಂದು ವೈರಿಗಾಗಿ ಸಾವಿರಾರು ರೂಪಾಯಿ ಸುರಿಯುತ್ತಾರೆ.

ಎರಡೂ ಸಂಖ್ಯೆ ಸಿಕ್ಕರೂ ಕಾರಣ ಸಿಕ್ಕಿತೆಂದಲ್ಲ. ಡೀಸೆಲ್ ಒತ್ತಡ ಕಡಿಮೆ ಎಂಬ ಕೋಡ್ ಬಂದರೆ ಫಿಲ್ಟರ್ ಕಟ್ಟಿಕೊಂಡಿರಬಹುದು, ಪೈಪಿಗೆ ಗಾಳಿ ಸೇರಿರಬಹುದು, ಪಂಪ್ ಸವೆದಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಥರ್ಮಾಮೀಟರ್ ಜ್ವರ ಇದೆ ಎನ್ನುತ್ತದೆ, ಮಲೇರಿಯವೋ ಟೈಫಾಯ್ಡೋ ಎಂದು ಹೇಳುವುದಿಲ್ಲ. ಕೋಡ್ ಕೂಡ ಹಾಗೆಯೇ. ಆದ್ದರಿಂದ ಅಗ್ಗದ ಫಿಲ್ಟರನ್ನು ಮೊದಲು ನೋಡಿ, ದುಬಾರಿ ಪಂಪ್ ಆಮೇಲೆ.

ದೀಪ ಆರಿಸಿದರೆ ರಿಪೇರಿ ಆಯಿತೇ?

ಆಗಲಿಲ್ಲ. ಕೋಡ್ ಅಳಿಸುವುದೆಂದರೆ ದೂರು ಬರೆದ ಪುಟ ಹರಿದುಹಾಕಿದಂತೆ. ಕಾರಣ ಉಳಿದಿದ್ದರೆ ದೀಪ ಮತ್ತೆ ಹೊತ್ತುತ್ತದೆ. ತೊಂದರೆಯಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು ಎಂಬ ದಾಖಲೆಯೂ ಕೋಡ್ ಜೊತೆ ಅಳಿಸಿಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾಗಿದ್ದ ಸುಳಿವೇ ಅದು.

ಡಿಇಎಫ್ ವಿಷಯದಲ್ಲೂ ಇಂಥದೇ ಸಲಹೆಗಳು ಓಡಾಡುತ್ತವೆ. ಶೇ 32.5 ಯೂರಿಯ, ಉಳಿದದ್ದು ಶುದ್ಧೀಕರಿಸಿದ ನೀರು ಇರುವ ಈ ದ್ರವ ಹೊಗೆಯ ನೈಟ್ರೋಜನ್ ಆಕ್ಸೈಡನ್ನು ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ನಲ್ಲಿ ನೀರು ಬೆರೆಸಿ, ಕೋಡ್ ಅಳಿಸುತ್ತಾ ಹೋಗಿ ಎಂಬ ಮಾತು ನಂಬಬೇಡಿ. ನೀರಿನಲ್ಲಿರುವ ಲವಣಗಳು ದುಬಾರಿ ಕ್ಯಾಟಲಿಸ್ಟನ್ನು ಹಾಳುಮಾಡುತ್ತವೆ. ಮೋಸ ಗೊತ್ತಾದರೆ ಇಸಿಯು ಎಂಜಿನ್ ಶಕ್ತಿಯನ್ನೇ ತಗ್ಗಿಸುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ, ಲೋಡ್ ಹೊತ್ತಿರುವಾಗ ಹಾಗಾದರೆ ಗತಿಯೇನು?

ಹಾಗಾದರೆ ಟ್ಯಾಬ್ಲೆಟ್ ದಂಡವೇ?

ಖಂಡಿತ ಅಲ್ಲ. ಲಾರಿ ಚೆನ್ನಾಗಿರುವಾಗಲೇ ಒಮ್ಮೆ ಜೋಡಿಸಿ, ಐಡ್ಲಿಂಗ್‌ನಲ್ಲಿ ಮತ್ತು ಏರಿನಲ್ಲಿ ಕೂಲಂಟ್ ಬಿಸಿ, ಆಯಿಲ್ ಒತ್ತಡ, ಟರ್ಬೊ ಒತ್ತಡ ಎಷ್ಟಿದೆ ಎಂದು ದಾಖಲಿಸಿಡಿ. ಮುಂದೆ ಅದೇ ರಸ್ತೆ, ಅಷ್ಟೇ ಲೋಡ್ ಇದ್ದಾಗ ಟರ್ಬೊ ಒತ್ತಡ ಕಡಿಮೆ ಕಂಡರೆ ದೀಪ ಹೊತ್ತುವ ಮೊದಲೇ ಹೋಸ್ ಸೋರಿಕೆ ಹುಡುಕಬಹುದು. ಆದರೆ ಓಡಿಸುವವರು ಪರದೆ ನೋಡಬಾರದು. ಆಪ್‌ನಲ್ಲಿ ರೆಕಾರ್ಡ್ ಹಾಕಿಟ್ಟು, ನಿಲ್ಲಿಸಿದ ಮೇಲೆ ನೋಡಿ.

ಇನ್ನೆರಡು ಎಚ್ಚರಿಕೆಗಳಿವೆ. ಕೆಲವು ಉಪಕರಣಗಳು ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಶುದ್ಧಮಾಡುವ ಆದೇಶವನ್ನೂ ಕೊಡಬಲ್ಲವು. ಆಗ ಫಿಲ್ಟರ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಒಣಹುಲ್ಲು, ತರಗೆಲೆ, ಡೀಸೆಲ್ ಚೆಲ್ಲಿದ ಜಾಗದಲ್ಲಿ ಅದನ್ನು ಮಾಡಲೇಬೇಡಿ. ಇನ್ನು, ಡಾಂಗಲನ್ನು ಸಿಕ್ಕಿಸಿಯೇ ಬಿಡಬೇಡಿ. 2016ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಬಗೆಯ ಸಾಕೆಟ್ ಮೂಲಕ ಟ್ರಕ್ಕೊಂದರ ಮೀಟರ್‌ಗಳಲ್ಲಿ ಸುಳ್ಳು ಅಂಕಿ ತೋರಿಸಿದರು, ಅದರ ವೇಗವನ್ನೂ ಹೆಚ್ಚಿಸಿ ತೋರಿಸಿದರು. ಕೆಲಸ ಮುಗಿದ ಮೇಲೆ ಡಾಂಗಲ್ ಕಳಚಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ.

ಮುಂದಿನ ಸಲ ದೀಪ ಹೊತ್ತಿದಾಗ ಎರಡೂ ಸಂಖ್ಯೆಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅಳಿಸಬೇಡಿ. ಅದನ್ನು ನಿಮ್ಮ ಮೆಕ್ಯಾನಿಕ್‌ಗೆ ಕಳಿಸಿ. ಫಾರ್ವರ್ಡ್ ಮಾಡಲೇಬೇಕಾದ ಸಂದೇಶ ಅದೇ!